ಪಂಚಾಯಿತಿಗಳಿಗೂ ಹಕ್ಕು ಸಿಗಲಿ

ಮಾನ್ಯ ಸಂಪಾದಕರೇ,

ಕೇಂದ್ರದ ಮುಂದೆ ತನ್ನ ಹಕ್ಕಿನ ಪಾಲಿಗಾಗಿ ಹೋರಾಡುವ ರಾಜ್ಯವು ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಹಕ್ಕನ್ನು ತಡೆಹಿಡಿದಿರುವುದು ಸರಿಯಲ್ಲ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ಶಿಫಾರಸು ಮಾಡುವ 15ನೇ ಹಣಕಾಸು ಆಯೋಗ ಕರ್ನಾಟಕದ ಪಾಲನ್ನು ಶೇ 4.713ರಿಂದ ಶೇ 3.647ಕ್ಕೆ ಇಳಿಸಿದ್ದು ಅನ್ಯಾಯವೇ. 2024ರ ಫೆಬ್ರುವರಿಯಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ರಾಜ್ಯ ಸರ್ಕಾರ ಇದರ ವಿರುದ್ಧ ನಡೆಸಿದ ಧರಣಿಗೆ ನನ್ನಂಥವರ ಮನಸಾರೆ ಬೆಂಬಲವಿತ್ತು.

ಆದರೆ ಈ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದೆ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಅಂದಿನ ಬಿಜೆಪಿ ಸರ್ಕಾರ ಕ್ಷೇತ್ರ ಮರುವಿಂಗಡಣೆಯ ಕಾರಣ ನೀಡಿ ಮುಂದೂಡಿತು. ನಂತರ ಬಂದ ಕಾಂಗ್ರೆಸ್ ಸರ್ಕಾರವೂ ಚುನಾವಣೆಗೆ ಆಸಕ್ತಿ ತೋರಲಿಲ್ಲ. ತೆರಿಗೆ ಪಾಲಿನ ಮಾತು ಬಂದಾಗ ಪರಸ್ಪರ ದೂರುವ ಎರಡೂ ಬಣಗಳು ಈ ಹೊಣೆಯಿಂದ ನುಣುಚಿಕೊಂಡಿವೆ.

ಇದರ ಬಿಸಿ ತಟ್ಟುವುದು ಪಾವಗಡದಂತಹ ಗಡಿ ತಾಲ್ಲೂಕಿಗೆ. ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತರೆ, ಖಾಲಿ ಕ್ಯಾನ್ ಹಿಡಿದು ಪಕ್ಕದ ಊರಿಗೆ ಹೋಗುವ ಹೆಂಗಸರು ಯಾರನ್ನು ಕೇಳಬೇಕು? ಚುನಾಯಿತ ಸದಸ್ಯರ ಬದಲು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಮತ ಕೇಳಿ ಬಂದವರಲ್ಲ.

ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ನೀಡಿದ ಸಂವಿಧಾನದ 73ನೇ ತಿದ್ದುಪಡಿಗೂ ಮುಂಚೆ, 1987ರಲ್ಲೇ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಸಿದ ನಾಡು ನಮ್ಮದು. ಅಂದು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ನಜೀರ್ ಸಾಬ್ ಅವರ ದುಡಿಮೆಯ ಫಲವದು, ಕನ್ನಡಿಗರ ನಿಜವಾದ ಹೆಮ್ಮೆ. ಸರ್ಕಾರ ಮೀಸಲಾತಿ ಪಟ್ಟಿಯನ್ನು ಅಂತಿಮಗೊಳಿಸಿ ಕೂಡಲೇ ಚುನಾವಣೆಗೆ ದಾರಿ ಮಾಡಿಕೊಡಲಿ. ಕುಡಿಯುವ ನೀರಿನ ಅನುದಾನದ ನಿರ್ಧಾರವನ್ನು ಚುನಾಯಿತ ಸದಸ್ಯರಿಗೇ ಬಿಡಲಿ.

–ಓದುಗರೊಬ್ಬರು, ಪಾವಗಡ, ತುಮಕೂರು ಜಿಲ್ಲೆ