ಪುಟ್ಟಿಗೆ, ಆ ಒಂದು ಸಾಲಿನ ಬಗ್ಗೆ

ಸಕಲೇಶಪುರ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ತಲುಪಿ ನಾಲ್ಕು ದಿನವಾಯಿತು. ನೀನು ಕೆನಡಾಕ್ಕೆ ಹೋಗಿ ನೆಲೆಸುವ ವಿಷಯ ಮನೆಯಲ್ಲಿ ತೀರ್ಮಾನವಾಗಿದೆ, ಅದನ್ನು ಮತ್ತೆ ಕೆದಕುವುದಿಲ್ಲ. ಆದರೆ ಕೊನೆಗೆ ಬರೆದಿದ್ದೀಯಲ್ಲ, "ಎದುರಿಗೆ ಕೂತವರು ಪ್ರಶ್ನೆ ಕೇಳಿದ ಕೂಡಲೇ ಇಂಗ್ಲಿಷ್ ಇರಲಿ, ಕನ್ನಡವೂ ಮರೆತುಹೋಗುತ್ತದೆ ದೊಡ್ಡಪ್ಪ" ಎಂದು, ಆ ಸಾಲು ನನಗೆ ನಿದ್ದೆ ಕೊಟ್ಟಿಲ್ಲ.

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳುವುದಕ್ಕೆ 7.5, ಓದಿಗೆ 7, ಬರವಣಿಗೆಗೆ 6.5 ಬಂದವಳಿಗೆ ಮಾತಿಗೆ ಮಾತ್ರ 5.5. ಒಟ್ಟಾರೆ ಚೆನ್ನಾಗಿದೆಯಲ್ಲ ಎಂದು ನಿನ್ನಪ್ಪ ಸಮಾಧಾನ ಹೇಳಿದನಂತೆ. ಆದರೆ ನುರಿತ ಕೆಲಸಗಾರರು ಕೆನಡಾದಲ್ಲಿ ನೆಲೆಸಲು ಹಾಕುವ ಫೆಡರಲ್ ಸ್ಕಿಲ್ಡ್ ವರ್ಕರ್ ಅರ್ಜಿಗೆ ನಾಲ್ಕರಲ್ಲಿಯೂ ಪ್ರತ್ಯೇಕವಾಗಿ 6 ಬೇಕು, ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. ಆದ್ದರಿಂದ ನಿನ್ನ ಭಯ ಸುಳ್ಳು ಭಯವೆಂದು ನಾನು ಹೇಳಲಾರೆ.

ನಿನ್ನಪ್ಪನಿಗೂ ಹೇಳದ ಒಂದು ಮಾತನ್ನು ನಿನಗೆ ಹೇಳುತ್ತೇನೆ. 1981ರಲ್ಲಿ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ನನ್ನನ್ನು ಮೇಲಿನ ಹುದ್ದೆಗೆ ತೆಗೆದುಕೊಳ್ಳುವುದಕ್ಕೆಂದು ಕಂಪನಿಯ ದೊಡ್ಡವರೊಬ್ಬರು ಬಂಗಲೆಗೆ ಕರೆಸಿ, ಕಾಂಡಕೊರಕ ಹುಳುವಿನ ಕಾಟದಿಂದ ಆ ವರ್ಷ ಎಷ್ಟು ಗಿಡ ಕಿತ್ತುಹಾಕಿದಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆ ಲೆಕ್ಕವನ್ನು ಹಿಂದಿನ ದಿನವಷ್ಟೇ ನಾನೇ ಇಂಗ್ಲಿಷಿನಲ್ಲಿ ವರದಿ ಬರೆದು ಕಳಿಸಿದ್ದೆ. ಆದರೂ ಬಾಯಿ ಕಟ್ಟಿಹೋಯಿತು. ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಜವಾಬ್ದಾರಿ ಹೆಚ್ಚೆಂದು ನಾನೇ ಬೇಡವೆಂದೆ ಎಂದು ಮನೆಯಲ್ಲಿ ಹೇಳಿದೆ. ನೀವೆಲ್ಲ ಈಗಲೂ ಅದನ್ನೇ ನಂಬಿದ್ದೀರಿ.

ನಿನ್ನ ಸಾಲು ಓದಿದ ಮೇಲೆ, ನೀನು ಇಲ್ಲಿ ಬಿಟ್ಟುಹೋದ ಪರೀಕ್ಷೆಯ ಪುಸ್ತಕ ತೆರೆದೆ. ಮಾತಿನ ಪರೀಕ್ಷೆ ಒಟ್ಟು 11ರಿಂದ 14 ನಿಮಿಷವಂತೆ. ನಡುವೆ ಒಂದು ಚೀಟಿ ಕೊಟ್ಟು, ಯೋಚಿಸಲು 1 ನಿಮಿಷ ಬಿಟ್ಟು, ಆಮೇಲೆ 2 ನಿಮಿಷದವರೆಗೆ ಒಬ್ಬಳೇ ಮಾತಾಡಬೇಕು. ಬಾಗಿಲು ಹಾಕಿಕೊಂಡು ಗಡಿಯಾರ ಮುಂದಿಟ್ಟು ಕಾಫಿ ಹೂ ಅರಳಿಸುವ ಹೂಮಳೆಯ ಬಗ್ಗೆ ನಾನೇ ಮಾತಾಡಿ ನೋಡಿದೆ, ಅದೂ ಕನ್ನಡದಲ್ಲಿ. ನಲವತ್ತು ಸೆಕೆಂಡಿಗೆ ಸರಕು ಮುಗಿಯಿತು! ಐವತ್ತು ವರ್ಷ ಮಾರ್ಚ್, ಏಪ್ರಿಲ್‌ನಲ್ಲಿ ಆಕಾಶ ನೋಡಿಕೊಂಡು ಬದುಕಿದವನಿಗೆ ಎರಡು ನಿಮಿಷದ ಮಾತಿಲ್ಲವೇ? ಆಗ ನನಗೆ ಅನ್ನಿಸಿತು, ಕಟ್ಟಿರುವುದು ಇಂಗ್ಲಿಷ್ ಅಲ್ಲ. ಹೊಸಬರ ಮುಂದೆ ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚು ಆಡುವ ಅಭ್ಯಾಸವೇ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಅದನ್ನು ಕಲಿಸಿದವನು ನಾನೇ. ಏಳನೆಯ ತರಗತಿಯಲ್ಲಿದ್ದಾಗ ನೀನು ನೆಂಟರ ಮುಂದೆ ಇಂಗ್ಲಿಷಿನಲ್ಲಿ ಏನನ್ನೋ ಹೇಳಹೊರಟೆ, ನಾನು ನಡುವೆ ತಿದ್ದಿದೆ, ಎಲ್ಲರೂ ನಕ್ಕರು, ನೀನು ಅಡುಗೆಮನೆಗೆ ಹೋದೆ. ನಿನಗೆ ಮರೆತಿರಬಹುದು. ಕನ್ನಡವೂ ಮರೆತುಹೋಗುತ್ತದೆ ಎಂದು ನೀನು ಬರೆದದ್ದನ್ನು ಓದಿದಾಗ ನನಗೆ ನೆನಪಾದದ್ದು ಆ ಮಧ್ಯಾಹ್ನವೇ.

ಪರೀಕ್ಷೆ ಕೊಟ್ಟವಳು ನೀನು, ನಾನು ಹೇಳುವುದು ಅಧಿಕಪ್ರಸಂಗವೇ ಸರಿ. ಆದರೂ ಪುಸ್ತಕದಲ್ಲಿ ಕಂಡದ್ದನ್ನು ಬರೆಯುತ್ತೇನೆ. ನಮ್ಮ ಕಡೆಯ ಉಚ್ಚಾರಣೆಯ ಧಾಟಿಗೆ ಅಂಕ ಕಳೆಯುವುದಿಲ್ಲವಂತೆ, ಹೇಳಿದ್ದು ತಿಳಿದರೆ ಸಾಕು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ ಎನ್ನಬಹುದು. ನಾನು ಆ ದಿನ ಅಷ್ಟಾದರೂ ಕೇಳಬಹುದಿತ್ತು. ಪರೀಕ್ಷಕರು ಮಾತಿನ ನಡುವೆ ತಡೆದರೆಂದು ಕುಗ್ಗಿಹೋದೆ ಎಂದಿದ್ದೀಯ, ಎರಡು ನಿಮಿಷ ಮುಗಿದರೆ ಅವರು ಯಾರನ್ನಾದರೂ ತಡೆಯಲೇಬೇಕಂತೆ. ಫಲಿತಾಂಶ ಎರಡು ವರ್ಷಕ್ಕಷ್ಟೇ ಊರ್ಜಿತ ಎಂಬುದನ್ನೂ ಗಮನದಲ್ಲಿಡು, ಅರ್ಜಿ ಹಾಕುವ ದಿನಕ್ಕೆ ಅವಧಿ ಮೀರಿರಬಾರದು. ಹಾಗೆಂದು ಆತುರಪಟ್ಟು ಮುಂದಿನ ತಿಂಗಳೇ ಬರೆಯಬೇಡ, ದುಡ್ಡಿನ ಮಾತು ಬಿಡು, ಅದೇ ಭಯವನ್ನು ಹೊತ್ತುಕೊಂಡು ಹೋಗಿ ಕೂರುವೆಯಲ್ಲ ಎಂಬುದೇ ನನ್ನ ಚಿಂತೆ.

ಭಾನುವಾರ ಸಂಜೆ ಆರಕ್ಕೆ ಫೋನ್ ಮಾಡು. ಮೊದಲು ಕನ್ನಡದಲ್ಲಿ ಎರಡು ನಿಮಿಷ, ಆಮೇಲೆ ಇಂಗ್ಲಿಷಿನಲ್ಲಿ. ನಾನು ಗಡಿಯಾರವನ್ನಷ್ಟೇ ನೋಡುತ್ತಿರುತ್ತೇನೆ, ಏನನ್ನೂ ತಿದ್ದುವುದಿಲ್ಲ.

ಇಂತು,
ನಿನ್ನ ದೊಡ್ಡಪ್ಪ