ಹವಾಮಾನ ಅಂಕಿ ಅಂಶಗಳು ನಂಬುವಂತಿರಲಿ, ಕೆಲಸಕ್ಕೆ ಬರುವಂತಿರಲಿ: ನಿವಾಸಿಗಳ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು, ಆಯುಕ್ತರು ಮತ್ತು ಎಲ್ಲ ಸದಸ್ಯರು,
ನಗರಾಡಳಿತ

ಇವರಿಂದ,
ನಗರದ ನಿವಾಸಿಗಳು

ವಿಷಯ: ಮಳೆನೀರು ಕಾಲುವೆ, ಸೇತುವೆ, ನೀರು ಪೂರೈಕೆ ಮತ್ತು ಬಿಸಿಗಾಳಿ ತಯಾರಿಯ ತೀರ್ಮಾನಗಳಿಗೆ ಬಳಸುವ ಪ್ರಾದೇಶಿಕ ಹವಾಮಾನ ಮಾಹಿತಿಯ ಬಗ್ಗೆ.

ಮಾನ್ಯರೇ,

ಹವಾಮಾನ ಬದಲಾವಣೆಗೆ ತಯಾರಾಗುವ ಯೋಜನೆಗಳು ಈಗ ಊರೂರಿನಲ್ಲೂ ತಯಾರಾಗುತ್ತಿವೆ. ಅದು ಸಂತೋಷದ ವಿಷಯ. ಆದರೆ ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: 2050ರ ಹೊತ್ತಿಗೆ ಮಳೆ ಇಷ್ಟು ಶೇಕಡಾ ಜಾಸ್ತಿ, ತಾಪಮಾನ ಇಷ್ಟು ಡಿಗ್ರಿ ಜಾಸ್ತಿ. ಆ ಅಂಕಿ ಎಲ್ಲಿಂದ ಬಂತು, ಎಷ್ಟು ನಂಬಬಹುದು, ಯಾವ ಕೆಲಸಕ್ಕೆ ಬಳಸಬಹುದು ಎಂದು ಕೇಳಿದರೆ ಹೇಳುವವರು ಯಾರೂ ಇರುವುದಿಲ್ಲ. ಅಷ್ಟರಲ್ಲಿ ಅದೇ ಅಂಕಿ ಕೊಳವೆಯ ಅಗಲವಾಗಿ, ಸೇತುವೆಯ ಎತ್ತರವಾಗಿ ಬದಲಾಗಿರುತ್ತದೆ. ಒಮ್ಮೆ ಹಾಕಿದ ಕಾಂಕ್ರೀಟು ಹತ್ತಾರು ವರ್ಷ ಹಾಗೇ ಕೂತಿರುತ್ತದೆ.

ನಮ್ಮ ಕೋರಿಕೆ ಮುಖ್ಯವಾಗಿ ಒಂದೇ. ಮಾಹಿತಿ ತರಿಸಿಕೊಂಡು ಆಮೇಲೆ ಅದನ್ನು ಏನು ಮಾಡೋಣ ಎಂದು ಯೋಚಿಸಬೇಡಿ. ತೀರ್ಮಾನ ಏನು ಎಂದು ಮೊದಲು ಬರೆಯಿರಿ, ಅದಕ್ಕೆ ಬೇಕಾದ ಮಾಹಿತಿಯನ್ನು ಕೇಳಿ. ಬಂದ ಅಂಕಿಯ ಜೊತೆಗೆ ಅದರ ಮೂಲವನ್ನೂ ಅದರ ಮಿತಿಯನ್ನೂ ಜನರ ಮುಂದಿಡಿ.

ಇದು ಯಾಕೆ ಮುಖ್ಯ ಎಂದು ಒಂದು ಲೆಕ್ಕದಲ್ಲಿ ಹೇಳುತ್ತೇವೆ. ಒಂದು ಹೆಕ್ಟೇರ್ ಜಾಗದ ಮೇಲೆ 60 ಮಿಲಿಮೀಟರ್ ಮಳೆ ಬಿದ್ದರೆ ನೀರು 6 ಲಕ್ಷ ಲೀಟರ್. ಅದು ಇಡೀ ದಿನ ಒಂದೇ ಸಮನೆ ಸುರಿದರೆ ಸೆಕೆಂಡಿಗೆ ಸುಮಾರು 7 ಲೀಟರ್. ಅದೇ ಮಳೆ ಒಂದೇ ಗಂಟೆಯಲ್ಲಿ ಸುರಿದರೆ ಸೆಕೆಂಡಿಗೆ ಸುಮಾರು 167 ಲೀಟರ್. ನೆಲ ಸ್ವಲ್ಪ ನೀರನ್ನು ಹೀರಿಕೊಳ್ಳುತ್ತದೆ, ನಿಜ. ಆದರೆ ಡಾಂಬರು ಮತ್ತು ಸಿಮೆಂಟು ತುಂಬಿದ ಜಾಗದಲ್ಲಿ ಹೀರುವುದು ಕಡಿಮೆ. ಎರಡೂ ದಿನಗಳ ಮಳೆಯ ದಾಖಲೆ ಮಾತ್ರ ಒಂದೇ: 60 ಮಿಲಿಮೀಟರ್. ವಾರ್ಷಿಕ ಸರಾಸರಿಯಲ್ಲಂತೂ ಆ ವ್ಯತ್ಯಾಸದ ಸುಳಿವೇ ಸಿಗುವುದಿಲ್ಲ. ಕಾಲುವೆ ಕಟ್ಟುವ ಎಂಜಿನಿಯರಿಗೆ ಬೇಕಾದದ್ದು 15 ನಿಮಿಷದ, ಒಂದು ಗಂಟೆಯ ಮಳೆಯ ರಭಸ. ನಾವು ಅವರ ಕೈಗೆ ಕೊಡುತ್ತಿರುವುದು ವರ್ಷದ ಮಳೆಯ ಶೇಕಡಾವಾರು ಬದಲಾವಣೆ. ಈ ಎರಡಕ್ಕೂ ಸಂಬಂಧ ಬಹಳ ಕಡಿಮೆ. ವರ್ಷದ ಒಟ್ಟು ಮಳೆ ಇಳಿದರೂ ಗಂಟೆಯ ಮಳೆಯ ರಭಸ ಏರಬಹುದು.

ಕೋಪನ್‌ಹೇಗನ್ ನಗರದಲ್ಲಿ 2011ರ ಜುಲೈ 2ರಂದು ಕೆಲವೇ ಗಂಟೆಗಳಲ್ಲಿ ಭಾರೀ ಮಳೆ ಸುರಿದು ರಸ್ತೆ, ನೆಲಮಾಳಿಗೆಗಳೆಲ್ಲ ನೀರಿನಲ್ಲಿ ಮುಳುಗಿದವು. ಮರುವರ್ಷ ಆ ನಗರಾಡಳಿತ ಮೇಘಸ್ಫೋಟ ನಿರ್ವಹಣೆಯ ಯೋಜನೆ ಮಾಡಿತು. ಅದರಲ್ಲಿ ನಮಗೆ ಹಿಡಿಸಿದ್ದು ಅದರ ಗುರಿಯ ಸರಳತೆ: ನೂರು ವರ್ಷಕ್ಕೊಮ್ಮೆ ಬರುವಂಥ ಮಳೆ ಬಂದಾಗಲೂ ರಸ್ತೆಯ ಮೇಲೆ ನೀರು 10 ಸೆಂಟಿಮೀಟರ್ ದಾಟಬಾರದು. ಇದು ಯಾರಿಗಾದರೂ ಅರ್ಥವಾಗುವ ಮಾತು, ಅಲ್ವಾ? ಪಾದದ ಮೇಲೆ ಎಷ್ಟು ನೀರು ಬರಬಹುದು ಎಂದು ಚುನಾಯಿತರು ತೀರ್ಮಾನ ಮಾಡುತ್ತಾರೆ. ಅದಕ್ಕೆ ಎಷ್ಟು ಹೊತ್ತಿನ, ಎಷ್ಟು ರಭಸದ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ತಜ್ಞರು ಹೇಳುತ್ತಾರೆ. ಇಬ್ಬರ ಕೆಲಸವೂ ಬೇರೆ ಬೇರೆ, ಎರಡೂ ಎಲ್ಲರ ಕಣ್ಣಿಗೆ ಕಾಣುವಂತಿವೆ. ನಮ್ಮ ಪ್ರತಿ ಯೋಜನೆಯ ಮೊದಲ ಪುಟದಲ್ಲೂ ಇಂಥ ಒಂದು ವಾಕ್ಯ ಇರಲಿ ಎಂದು ಕೇಳಿಕೊಳ್ಳುತ್ತೇವೆ.

ಇನ್ನು ನಂಬಿಕೆಯ ಪ್ರಶ್ನೆ. ಅದು ಶುರುವಾಗುವುದು ಕಂಪ್ಯೂಟರಿನಲ್ಲಿ ಅಲ್ಲ, ಮಳೆಮಾಪಕದ ಹತ್ತಿರ. ಮಳೆಮಾಪಕದ ಪಕ್ಕ ಮರವೋ ಕಟ್ಟಡವೋ ಇದ್ದರೆ ಅದರ ಎತ್ತರದ ಕನಿಷ್ಠ ಎರಡು ಪಟ್ಟು ದೂರ ಬಿಟ್ಟಿರಬೇಕು, ಸಾಧ್ಯವಾದರೆ ನಾಲ್ಕು ಪಟ್ಟು. ಮಾಪಕ ಇಟ್ಟಾಗ ಸಸಿಯಾಗಿದ್ದದ್ದು ಇಪ್ಪತ್ತು ವರ್ಷದಲ್ಲಿ ದೊಡ್ಡ ಮರವಾಗಿ ಮಳೆಯನ್ನು ತಡೆಯುತ್ತದೆ. ಆಗ ದಾಖಲೆಯಲ್ಲಿ ಮಳೆ ಕಡಿಮೆಯಾದ ಹಾಗೆ ಕಾಣುತ್ತದೆ. ತಾನಾಗಿ ಅಳೆಯುವ ಮಾಪಕದೊಳಗೆ ಪುಟ್ಟ ತೊಟ್ಟಿಯೊಂದು ತುಂಬಿದಾಗೆಲ್ಲ ಮಗುಚಿಕೊಳ್ಳುತ್ತದೆ. ಎಷ್ಟು ಸಲ ಮಗುಚಿತು ಎನ್ನುವುದೇ ಲೆಕ್ಕ. ಎಲೆ, ಧೂಳು ಕಟ್ಟಿಕೊಂಡರೆ ಲೆಕ್ಕ ತಪ್ಪುತ್ತದೆ. ಮಳೆ ತುಂಬಾ ಜೋರಾದರೆ ತೊಟ್ಟಿ ಮಗುಚುವ ಹೊತ್ತಿನಲ್ಲಿ ಬಿದ್ದ ನೀರು ಲೆಕ್ಕದಿಂದ ಜಾರುತ್ತದೆ. ಅಂದರೆ ನಮಗೆ ಯಾವ ಮಳೆಯ ಅಂಕಿ ತುಂಬಾ ಬೇಕೋ ಅಲ್ಲೇ ಮಾಪಕ ಕಡಿಮೆ ತೋರಿಸುವ ಸಾಧ್ಯತೆ ಇದೆ. ತಾಪಮಾನವೂ ಅಷ್ಟೇ. ಉಷ್ಣಮಾಪಕವನ್ನು ಹುಲ್ಲಿನ ಮೈದಾನದಿಂದ ತಾರಸಿಗೆ ಎತ್ತಿಟ್ಟರೆ ಆ ದಿನದಿಂದ ದಾಖಲೆ ಬೇರೆಯದೇ. ವಿಜ್ಞಾನಿಗಳು ಇಂಥ ಏರುಪೇರನ್ನು ಸರಿಪಡಿಸಬಲ್ಲರು. ಆದರೆ ಮಾಪಕವನ್ನು ಯಾವಾಗ ಎಲ್ಲಿಗೆ ಸರಿಸಿದರು, ಯಾವಾಗ ಬದಲಿಸಿದರು ಎಂದು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ.

ಆದ್ದರಿಂದ ನಗರಾಡಳಿತದ ಸುಪರ್ದಿಯಲ್ಲಿರುವ ಪ್ರತಿ ಮಳೆಮಾಪಕಕ್ಕೂ ಒಂದು ಪುಸ್ತಕ ಇರಲಿ. ಇಟ್ಟ ದಿನ, ಸುತ್ತಲಿನ ಫೋಟೋ, ಸ್ವಚ್ಛ ಮಾಡಿದ ದಿನ, ಕೆಟ್ಟುಹೋದ ದಿನ, ಎಲ್ಲವೂ ಅದರಲ್ಲಿ ಬರಲಿ. ದೊಡ್ಡ ಖರ್ಚಿನ ಕೆಲಸವಲ್ಲ ಇದು. ಹೊಸ ಮಾಪಕ ಕೊಳ್ಳುವ ಮೊದಲು ಇರುವುದನ್ನು ಸರಿಯಾಗಿ ನೋಡಿಕೊಳ್ಳುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಇನ್ನು ಮುಂದಿನ ಕಾಲದ ನಕ್ಷೆಗಳು. ಇಡೀ ಭೂಮಿಯ ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್‌ಗಳು ಸಾಮಾನ್ಯವಾಗಿ ನೂರು ಕಿಲೋಮೀಟರ್ ಆಸುಪಾಸಿನ ಚೌಕಗಳಲ್ಲಿ ಲೆಕ್ಕ ಮಾಡುತ್ತವೆ. ಒಂದು ಇಡೀ ನಗರ, ಅದರ ಸುತ್ತಲಿನ ಬೆಟ್ಟ, ಕೆರೆ, ಹೊಲ ಎಲ್ಲ ಒಂದೇ ಚೌಕದಲ್ಲಿ ಮುಗಿದುಹೋಗಬಹುದು. ಇದನ್ನು ಚಿಕ್ಕದು ಮಾಡಲು ವಿಶ್ವ ಹವಾಮಾನ ಸಂಶೋಧನಾ ಕಾರ್ಯಕ್ರಮದ ಅಡಿಯಲ್ಲಿ 2009ರಿಂದ ಕಾರ್ಡೆಕ್ಸ್ ಎಂಬ ಪ್ರಯತ್ನ ನಡೆದಿದೆ. ಅದರಲ್ಲಿ ಪ್ರಾದೇಶಿಕ ಮಾಡೆಲ್‌ಗಳು 50, 25, 12 ಕಿಲೋಮೀಟರ್ ಚೌಕಗಳಿಗೆ ಇಳಿಯುತ್ತವೆ. ಒಳ್ಳೆಯ ಕೆಲಸ. ಆದರೆ ಇಲ್ಲೊಂದು ಎಚ್ಚರ ಬೇಕು. ಚೌಕ ಸಣ್ಣದಾದ ಮಾತ್ರಕ್ಕೆ ಉತ್ತರ ಖಚಿತವಾಗುವುದಿಲ್ಲ. ದೊಡ್ಡ ಮಾಡೆಲ್ ಗಾಳಿಯ ದಿಕ್ಕನ್ನೇ ತಪ್ಪಾಗಿ ಹೇಳಿದ್ದರೆ ಸಣ್ಣ ಮಾಡೆಲ್ ಅದೇ ತಪ್ಪನ್ನು ಇನ್ನಷ್ಟು ಅಂದವಾಗಿ ಬಿಡಿಸಿ ಕೊಡುತ್ತದೆ. ಹಳೆಯ ದಾಖಲೆಗೆ ಹೊಂದಿಸಿ ಅಂಕಿಗಳನ್ನು ತಿದ್ದುವ ಪದ್ಧತಿಯೂ ಇದೆ. ಸರಾಸರಿಯ ತಪ್ಪು ಅದರಿಂದ ಸರಿಹೋಗಬಹುದು, ಮೂಲದಲ್ಲೇ ಇರುವ ತಪ್ಪು ಹೋಗುವುದಿಲ್ಲ.

ಗುಡುಗು ಮಳೆಯ ವಿಷಯ ಇನ್ನೂ ಸೂಕ್ಷ್ಮ. 12 ಕಿಲೋಮೀಟರ್ ಚೌಕದ ಮಾಡೆಲ್ಲಿಗೆ ಒಂದು ಗುಡುಗು ಮೋಡ ನೇರವಾಗಿ ಕಾಣುವುದಿಲ್ಲ, ಅಂದಾಜಿನ ಸೂತ್ರದಿಂದ ಲೆಕ್ಕ ಹಾಕಬೇಕು. ಮೋಡವನ್ನು ನೇರವಾಗಿ ಮೂಡಿಸಲು ಸುಮಾರು 4 ಕಿಲೋಮೀಟರಿಗಿಂತ ಸಣ್ಣ ಚೌಕ ಬೇಕು. ಬ್ರಿಟನ್ನಿನ ಮುಂದಿನ ಹವಾಮಾನವನ್ನು ಅಂದಾಜು ಮಾಡುವ ಯುಕೆಸಿಪಿ18 ಯೋಜನೆ 2.2 ಕಿಲೋಮೀಟರ್ ಚೌಕದವರೆಗೆ ಹೋಗಿದೆ. ಆದರೆ ಆ ಸೂಕ್ಷ್ಮ ಲೆಕ್ಕ ಒಂದೇ ಸಂಸ್ಥೆಯ ಮಾಡೆಲ್ಲಿನದು. ಬೇರೆ ಸಂಸ್ಥೆಗಳ ಮಾಡೆಲ್‌ಗಳು ಏನು ಹೇಳುತ್ತವೆ ಎಂಬುದು ಅದರಲ್ಲಿ ಬಂದಿಲ್ಲ. ಅಷ್ಟು ಹಣ, ಅಷ್ಟು ಪರಿಣತಿ ಹಾಕಿದವರ ಕೆಲಸಕ್ಕೇ ಹೀಗೆ ಒಂದು ಮಿತಿ ಇದೆ. ಹಾಗಿರುವಾಗ ಯಾರಾದರೂ ಬೀದಿ ಬೀದಿಯ 2050ರ ಮಳೆಯನ್ನು ದಶಮಾಂಶದವರೆಗೆ ಹೇಳುವ ನಕ್ಷೆ ತಂದುಕೊಟ್ಟರೆ ಬಣ್ಣ ನೋಡಿ ಒಪ್ಪಿಕೊಳ್ಳಬೇಡಿ. ಯಾವ ಮಾಡೆಲ್, ಎಷ್ಟು ಮಾಡೆಲ್, ಕಳೆದ ಮೂವತ್ತು ವರ್ಷದ ನಮ್ಮ ಮಳೆಯನ್ನು ಅದು ಸರಿಯಾಗಿ ತೋರಿಸಿತೇ ಎಂದು ದಯವಿಟ್ಟು ಕೇಳಿ.

ಸರಾಸರಿಯ ಬಲೆ ಇನ್ನೊಂದು. ಒಂದು ಪ್ರದೇಶಕ್ಕೆ ಒಂದು ಮಾಡೆಲ್ ಮಳೆ ಶೇಕಡಾ 20 ಹೆಚ್ಚು ಎನ್ನುತ್ತದೆ, ಇನ್ನೊಂದು ಶೇಕಡಾ 20 ಕಡಿಮೆ ಎನ್ನುತ್ತದೆ ಎಂದಿಟ್ಟುಕೊಳ್ಳಿ. ಸರಾಸರಿ ತೆಗೆದರೆ ಸೊನ್ನೆ. ವರದಿಯಲ್ಲಿ 'ಬದಲಾವಣೆ ಇಲ್ಲ' ಎಂದು ಬರುತ್ತದೆ. ಯಾವ ಮಾಡೆಲ್ಲೂ ಹೇಳದ ಮಾತು ಅದು! ಇಂಥ ಕಡೆ ಎರಡು ಕಥೆಗಳನ್ನೂ ಬರೆಯಿರಿ, ಒಣಗಿದ ಮುಂದಿನ ದಿನಗಳು ಹೇಗೆ, ತೊಯ್ದ ಮುಂದಿನ ದಿನಗಳು ಹೇಗೆ ಎಂದು. ನಮ್ಮ ನೀರು ಪೂರೈಕೆಯ ಯೋಜನೆ ಎರಡನ್ನೂ ತಡೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಿ. ಎಲ್ಲ ಮಾಡೆಲ್‌ಗಳಿಗೂ ಒಂದೇ ತೂಕ ಕೊಡುವುದೂ ಸರಿಯಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿ ಕೊನೆಗೆ ಎಷ್ಟು ಬಿಸಿಯಾಗುತ್ತದೆ ಎಂಬುದಕ್ಕೆ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ 2021ರ ವರದಿ 2.5ರಿಂದ 4 ಡಿಗ್ರಿಯ ವ್ಯಾಪ್ತಿ ಕೊಟ್ಟಿದೆ. ಹೊಸ ಪೀಳಿಗೆಯ ಕೆಲವು ಮಾಡೆಲ್‌ಗಳು ಅದನ್ನು ಮೀರಿ 5 ಡಿಗ್ರಿ ದಾಟುತ್ತವೆ. ಅವನ್ನೂ ಸೇರಿಸಿ ಸುಮ್ನೆ ಸರಾಸರಿ ತೆಗೆದರೆ ಅಂಕಿ ಮೇಲಕ್ಕೆ ಜಾರುತ್ತದೆ.

ಅನಿಶ್ಚಿತತೆ ಇದೆ ಎಂದು ಕೈಕಟ್ಟಿ ಕೂರಲು ಇದು ನೆಪವಾಗಬಾರದು. ಗಟ್ಟಿಯಾಗಿ ಗೊತ್ತಿರುವುದೂ ಬಹಳ ಇದೆ. ಒಂದು ಡಿಗ್ರಿ ಬಿಸಿಯಾದರೆ ಗಾಳಿ ಸುಮಾರು ಶೇಕಡಾ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಇದು ಭೌತಶಾಸ್ತ್ರ, ಮಾಡೆಲ್ಲಿನ ಅಂದಾಜಲ್ಲ. ಭಾರೀ ಮಳೆ ಇನ್ನಷ್ಟು ಭಾರಿಯಾಗುವುದಕ್ಕೆ ಮೂಲ ಕಾರಣ ಇದೇ. ಬಿಸಿ ದಿನಗಳು ಹೆಚ್ಚುತ್ತವೆ ಎಂಬುದರಲ್ಲೂ ಗೊಂದಲ ಇಲ್ಲ. ನಾವು ಕೇಳುವುದು ಇಷ್ಟೇ: ಗಟ್ಟಿಯಾಗಿ ಗೊತ್ತಿರುವುದು ಒಂದು ಕಡೆ, ಅರೆಬರೆ ಗೊತ್ತಿರುವುದು ಇನ್ನೊಂದು ಕಡೆ ಬರೆಯಿರಿ. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರೆ ಮೊದಲನೆಯದರ ಮೇಲಿನ ನಂಬಿಕೆಯೂ ಹೋಗುತ್ತದೆ.

ಎಷ್ಟು ವರ್ಷದ ಕೆಲಸ ಎಂಬುದರ ಮೇಲೆ ಕೇಳಬೇಕಾದ ಪ್ರಶ್ನೆಯೂ ಬದಲಾಗುತ್ತದೆ. ಮುಂದಿನ ಹತ್ತು ವರ್ಷಕ್ಕೆ ಬೇಕಾದ ಪಂಪು, ಹೂಳೆತ್ತುವ ಯಂತ್ರ, ಆಸ್ಪತ್ರೆಯ ತಯಾರಿಗೆ ಜಗತ್ತು ಎಷ್ಟು ಹೊಗೆ ಉಗುಳುತ್ತದೆ ಎಂಬ ಚರ್ಚೆ ಅಷ್ಟಾಗಿ ಬೇಕಿಲ್ಲ. ಹೆಚ್ಚು ಹೊಗೆಯ ದಾರಿ, ಕಡಿಮೆ ಹೊಗೆಯ ದಾರಿಗಳ ನಡುವಿನ ವ್ಯತ್ಯಾಸ ಜಾಗತಿಕ ತಾಪಮಾನದಲ್ಲಿ ಎದ್ದು ಕಾಣಲು ಸುಮಾರು ಇಪ್ಪತ್ತು ವರ್ಷ ಬೇಕು. ಅಲ್ಲಿಯವರೆಗೆ ವರ್ಷದಿಂದ ವರ್ಷಕ್ಕೆ ಆಗುವ ಸಹಜ ಏರಿಳಿತವೇ ಜೋರು. ಎಂಬತ್ತು ವರ್ಷ ನಿಲ್ಲಬೇಕಾದ ಸೇತುವೆಗೆ ಮಾತ್ರ ಆ ಎಲ್ಲ ದಾರಿಗಳನ್ನೂ ನೋಡಲೇಬೇಕು.

'ನೂರು ವರ್ಷಕ್ಕೊಮ್ಮೆ ಬರುವ ಮಳೆ' ಎಂದು ಜನರಿಗೆ ಹೇಳುವಾಗ ಪಕ್ಕದಲ್ಲೇ ಇನ್ನೊಂದು ಸಾಲು ಸೇರಿಸಿ. ಅದರ ಅರ್ಥ ಪ್ರತಿ ವರ್ಷ ಶೇಕಡಾ 1ರ ಸಾಧ್ಯತೆ. 30 ವರ್ಷ ಒಂದೇ ಮನೆಯಲ್ಲಿ ಇರುವವರು ಅಂಥ ಮಳೆಯನ್ನು ಕನಿಷ್ಠ ಒಮ್ಮೆ ನೋಡುವ ಸಾಧ್ಯತೆ ಸುಮಾರು ಶೇಕಡಾ 26. ಅದೂ ಹವಾಮಾನ ಹಿಂದಿನಂತೆಯೇ ಇದ್ದರೆ. ಈ ಒಂದು ಸಾಲು ಗೊತ್ತಿದ್ದರೆ ತಗ್ಗಿನಲ್ಲಿ ಮನೆ ಕಟ್ಟುವವರು ಬೇರೆ ತೀರ್ಮಾನ ಮಾಡಿಯಾರು.

ಬಿಸಿಯ ವಿಷಯದಲ್ಲಿ ನಮ್ಮ ಮಾತು ಚಿಕ್ಕದು. ಹಗಲಿನ ಗರಿಷ್ಠ ತಾಪಮಾನ ಒಂದೇ ಸಾಲದು. ರಾತ್ರಿ ಎಷ್ಟು ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವ ಎಷ್ಟಿದೆ ಎಂಬುದೂ ಸೇರಲಿ. ಮೈ ಬೆವರಿದರೂ ತಣ್ಣಗಾಗದೆ ಜನ ಕುಸಿದು ಬೀಳುವುದು ತೇವ ಹೆಚ್ಚಿ ರಾತ್ರಿಯೂ ಬಿಸಿ ಇಳಿಯದ ಹೊತ್ತಿನಲ್ಲೇ. ಆರೋಗ್ಯ ಸಿಬ್ಬಂದಿಯನ್ನು ಕೂರಿಸಿಕೊಂಡು ಯಾವ ಮಿತಿ ದಾಟಿದರೆ ಅವರು ಏನು ಮಾಡುತ್ತಾರೆ ಎಂದು ಮೊದಲು ಕೇಳಿ, ಆಮೇಲೆ ಎಚ್ಚರಿಕೆಯ ಪದ್ಧತಿ ಮಾಡಿ.

ಇದೆಲ್ಲ ಆಗಬೇಕಾದರೆ ಟೆಂಡರಿನಲ್ಲೇ ಷರತ್ತು ಇರಬೇಕು. ಹವಾಮಾನದ ಅಂಕಿ ಕೊಡುವ ಸಲಹೆಗಾರರು ಮೂಲ ದತ್ತಾಂಶವನ್ನೂ ಲೆಕ್ಕದ ವಿಧಾನವನ್ನೂ ನಗರಾಡಳಿತಕ್ಕೆ ಒಪ್ಪಿಸಬೇಕು, ಅದು ಜನರಿಗೂ ಸಿಗಬೇಕು. ಐಪಿಸಿಸಿಯ ಅಂತರ್ಜಾಲದ ಹವಾಮಾನ ಅಟ್ಲಾಸ್, ಯುರೋಪಿನ ಕೊಪರ್ನಿಕಸ್ ಹವಾಮಾನ ಸೇವೆಯ ದತ್ತಾಂಶ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಸಲಹೆಗಾರರು ಕೊಟ್ಟದ್ದನ್ನು ಅವುಗಳ ಜೊತೆ ಇಟ್ಟು ನೋಡುವುದು ಒಬ್ಬ ತರಬೇತಾದ ನೌಕರರಿಗೆ ಸಾಧ್ಯ. ಅಂಥ ಒಬ್ಬರನ್ನು ನೇಮಿಸಿ. ಎಂಜಿನಿಯರ್, ವೈದ್ಯಾಧಿಕಾರಿ, ಸದಸ್ಯರು, ನಾವು, ಯಾರು ಕೇಳಿದರೂ ಈ ಅಂಕಿ ಇಲ್ಲಿಂದ ಬಂತು, ಇಷ್ಟು ನಂಬಬಹುದು ಎಂದು ಹೇಳುವುದು ಅವರ ಕೆಲಸವಾಗಲಿ.

ಒಮ್ಮೆ ಮಾಡಿದ ಯೋಜನೆಯನ್ನು ಹಾಗೇ ಬಿಡಬೇಡಿ. ಲಂಡನ್ನಿನ ಥೇಮ್ಸ್ ನದೀಮುಖದ ಪ್ರವಾಹ ಯೋಜನೆ 2012ರಲ್ಲಿ ಬಂತು, ಅದರ ದೃಷ್ಟಿ 2100ರವರೆಗೆ. ಆದರೆ ಅವರು ಎಲ್ಲವನ್ನೂ ಅಂದೇ ತೀರ್ಮಾನಿಸಲಿಲ್ಲ. ಸಮುದ್ರ ಮಟ್ಟ ಎಷ್ಟು ಏರುತ್ತಿದೆ ಎಂದು ಅಳೆಯುತ್ತಾ, ಕಾಲಕಾಲಕ್ಕೆ ಯೋಜನೆಯನ್ನು ಪರಿಶೀಲಿಸುತ್ತಾ, ಯಾವ ಹಂತದಲ್ಲಿ ಯಾವ ಕೆಲಸ ಎಂದು ದಾರಿಗಳನ್ನು ತೆರೆದಿಟ್ಟುಕೊಂಡಿದ್ದಾರೆ. ನಾವೂ ಹಾಗೆ ಮಾಡಬಹುದು. ಇಂದು ಕೊಳವೆ ಹಾಕಿ, ನಾಳೆ ಇನ್ನೊಂದು ಸೇರಿಸಲು ಪಕ್ಕದಲ್ಲಿ ಜಾಗ ಬಿಡಿ. ಆ ಜಾಗವನ್ನು ಬೇರೆ ಯಾರಿಗೂ ಕೊಡಬೇಡಿ.

ನಮ್ಮ ಕಡೆಯಿಂದಲೂ ಕೈಲಾದದ್ದು ಮಾಡುತ್ತೇವೆ. ನೀರು ನುಗ್ಗಿದಾಗ ಗೋಡೆಯ ಮೇಲಿನ ನೀರಿನ ಗುರುತನ್ನು ಅಳೆದು, ದಿನಾಂಕ ಮತ್ತು ಸಮಯ ಹಾಕಿ ಫೋಟೋ ಸಮೇತ ಕೊಡಲು ನಿವಾಸಿಗಳು ಸಿದ್ಧರಿದ್ದಾರೆ. ಮಾಡೆಲ್ ಹೇಳಿದ್ದು ಸರಿಯೇ ಎಂದು ನೋಡಲು ಅದು ಉಪಯೋಗಕ್ಕೆ ಬರುತ್ತದೆ. ಎಲ್ಲಿಗೆ ಕಳಿಸಬೇಕು ಎಂದು ತಿಳಿಸಿ.

ಮೊದಲ ಹೆಜ್ಜೆಯಾಗಿ, ಈಗ ಟೆಂಡರ್ ಹಂತದಲ್ಲಿರುವ ಮಳೆನೀರು ಕಾಲುವೆಗಳಿಗೆ ಯಾವ ಅವಧಿಯ ಮಳೆಯ ದಾಖಲೆ, ಎಷ್ಟು ಹೊತ್ತಿನ ಮಳೆಯ ರಭಸ ಬಳಸಲಾಗಿದೆ ಎಂದು ಲಿಖಿತವಾಗಿ ತಿಳಿಸಬೇಕು. ಉತ್ತರ ಬಂದ ಮೇಲೆ ಎಂಜಿನಿಯರ್‌ಗಳ ಜೊತೆ ಒಂದು ಸಭೆಗೆ ದಿನ ಗೊತ್ತುಮಾಡಿ. ಕಾಲುವೆಯ ಕೆಲಸ ಶುರುವಾಗುವ ಮೊದಲೇ ಆ ಸಭೆ ನಡೆಯಲಿ ಎಂದು ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ನಗರದ ನಿವಾಸಿಗಳು

ಲಗತ್ತು: ನಿವಾಸಿಗಳ ಸಹಿಗಳು