ಕ್ಷಮಿಸುವವರು ಯಾರು?

ಸಂಪಾದಕರೇ,

ತಪ್ಪು ಮಾಡಿದ ನಾಯಕನನ್ನು ಕ್ಷಮಿಸಿಬಿಟ್ಟರೆ ದೇಶದ ಗಾಯ ಮಾಯುತ್ತದೆ ಅನ್ನುವ ಮಾತು ಕೇಳಿದಾಗೆಲ್ಲ ನನಗೆ ದಕ್ಷಿಣ ಕೊರಿಯಾ ನೆನಪಾಗುತ್ತದೆ.

1980ರ ಮೇ ತಿಂಗಳಲ್ಲಿ ಗ್ವಾಂಗ್ಜು ನಗರದಲ್ಲಿ ಪ್ರಜಾಪ್ರಭುತ್ವ ಕೇಳಿದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು. ಆಗ ಅಧಿಕಾರ ಹಿಡಿದಿದ್ದವರು ಜನರಲ್ ಚುನ್ ಡೂ-ಹ್ವಾನ್. ಆಮೇಲೆ ಅವರೇ ಅಧ್ಯಕ್ಷರೂ ಆದರು. 1996ರಲ್ಲಿ ಕೋರ್ಟು ಅವರಿಗೆ ಮರಣದಂಡನೆ ವಿಧಿಸಿತು. ಮೇಲ್ಮನವಿಯಲ್ಲಿ ಅದು ಜೀವಾವಧಿ ಶಿಕ್ಷೆಯಾಯಿತು. 1997ರ ಡಿಸೆಂಬರಿನಲ್ಲಿ ಕ್ಷಮಾದಾನ, ಬಿಡುಗಡೆ! ಅದಕ್ಕೆ ಒಪ್ಪಿಗೆ ಕೊಟ್ಟವರು ಆಗಷ್ಟೇ ಅಧ್ಯಕ್ಷ ಚುನಾವಣೆ ಗೆದ್ದಿದ್ದ ಕಿಮ್ ಡೇ-ಜಂಗ್. ಚುನ್ ಕಾಲದಲ್ಲಿ ಇದೇ ಕಿಮ್ ಅವರಿಗೆ ಗಲ್ಲು ಶಿಕ್ಷೆಯಾಗಿತ್ತು, ನೋಡಿ. ದೊಡ್ಡ ಮನಸ್ಸು, ಅನುಮಾನವೇ ಇಲ್ಲ. ತಮಗಾದ ಅನ್ಯಾಯವನ್ನು ಅವರು ಮರೆಯಬಹುದು. ಆದರೆ ಗ್ವಾಂಗ್ಜುವಿನಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರ ಪರವಾಗಿ ಕ್ಷಮಿಸಲು ಅವರು ಯಾರು? ಚುನ್ ಅಂತೂ 2021ರಲ್ಲಿ ಸಾಯುವವರೆಗೂ ಆ ಊರಿನವರ ಕ್ಷಮೆ ಕೇಳಲಿಲ್ಲ.

ಅಲ್ಲಿ ವಿಚಾರಣೆಯಾದರೂ ನಡೆದಿತ್ತು, ತಪ್ಪು ದಾಖಲಾಗಿತ್ತು. ಅಮೆರಿಕದಲ್ಲಿ ಅದೂ ಇಲ್ಲ. 1974ರ ಸೆಪ್ಟೆಂಬರ್ 8ರಂದು ಅಧ್ಯಕ್ಷ ಫೋರ್ಡ್, ವಾಟರ್‌ಗೇಟ್ ಹಗರಣದಲ್ಲಿ (ವಿರೋಧ ಪಕ್ಷದ ಕಚೇರಿಗೆ ಕದ್ದು ನುಗ್ಗಿದ್ದು, ಅದನ್ನು ಮುಚ್ಚಿಹಾಕಲು ನೋಡಿದ್ದು) ಸಿಕ್ಕಿಬಿದ್ದ ಹಿಂದಿನ ಅಧ್ಯಕ್ಷ ನಿಕ್ಸನ್‌ಗೆ ವಿಚಾರಣೆಗೆ ಮೊದಲೇ ಕ್ಷಮಾದಾನ ಕೊಟ್ಟುಬಿಟ್ಟರು. ಜೈಲಿಗೆ ಹೋದವರು ನಿಕ್ಸನ್ ಅವರ ಸಹಾಯಕರು! ಕ್ಷಮಾದಾನ ಒಪ್ಪಿಕೊಂಡರೆ ತಪ್ಪು ಒಪ್ಪಿಕೊಂಡಂತೆ ಅನ್ನುವ 1915ರ ಸುಪ್ರೀಂ ಕೋರ್ಟ್ ತೀರ್ಪಿನ ಸಾಲುಗಳನ್ನು ಫೋರ್ಡ್ ಆಮೇಲೆ ಪರ್ಸಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಅವರಿಗೂ ಮನಸ್ಸಿನಲ್ಲಿ ಕೊರೆಯುತ್ತಿತ್ತು ಅಲ್ವಾ?

– ಒಬ್ಬ ಓದುಗ, ಮೈಸೂರು